ಜನವರಿ ಒಂದರ ಮಕ್ಕಳು

ಗುರುಮಲ್ಲಕ್ಕ ನನ್ನ ಅಂಗಡಿ ಮೆಟ್ಟಿಲು ಹತ್ತಿದರೆ ಆ ಬೆಳಗಿನ ವ್ಯಾಪಾರ ಮುಗಿಯಿತು ಅಂತಲೇ ಲೆಕ್ಕ. ಗುಂಡ್ಲುಪೇಟೆ ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಇಲ್ಲಿಗೆ ಬಂದವರು ಬೇಗ ಬರಬೇಕು, ಬೇಗ ಹೋಗಬೇಕು. ಈಕೆ ಒಂದು ಅರ್ಜಿ ತುಂಬಿಸಲು ಕೂತರೆ ಪ್ರತಿ ಸಾಲಿಗೂ ಅಡ್ಡ ಬರುತ್ತಾಳೆ.

"ಇದ್ನ ಯಾರ್ ಏಳುದ್ರು ರವಿ? ಎಲ್ಲಿ ಬರ್ದದೆ, ತೋರ್ಸು."

"ಎಲ್ರೂ ಇಂಗೇ ತುಂಬ್ತಾರೆ ಅಕ್ಕ."

"ಎಲ್ರೂ ತುಂಬುದ್ರೆ ನಿಜ ಆಗ್ಬುಟ್ಟದಾ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಹಿಂದೆ ನಾಲ್ಕು ಜನ ನಿಂತಿರುವಾಗ ಇಂಥ ಪ್ರಶ್ನೆ ಬಂದರೆ ಮೈಯೆಲ್ಲ ಉರಿಯುತ್ತದೆ. ಆದರೆ ಅವಳ ಜಾಗದಲ್ಲಿ ನಾನಿದ್ದಿದ್ದರೆ ಇಷ್ಟಾದರೂ ಕೇಳುತ್ತಿದ್ದೆನೋ ಇಲ್ಲವೋ. ಕೇಳುತ್ತಿರಲಿಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಗುರುಮಲ್ಲಕ್ಕ ಭೀಮನಬೀಡು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ. ಅಂಗವಿಕಲರಿರುವ ಮನೆಗಳಿಗೆ ಹೋಗಿ, ಸರ್ಕಾರದಿಂದ ಅವರಿಗೆ ಏನು ಸಿಗುತ್ತದೆ, ಅದಕ್ಕೆ ಯಾವ ಕಾಗದ ಬೇಕು, ಯಾವ ಬಾಗಿಲು ತಟ್ಟಬೇಕು ಅಂತ ತಿಳಿಸುವುದು ಅವಳ ಕೆಲಸ. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಬಲಗಾಲು ಸಣಕಲಾಯಿತು. ತೊಡೆ ಮೇಲೆ ಕೈಯೂರಿಕೊಂಡೇ ಎಸ್ಸೆಸ್ಸೆಲ್ಸಿವರೆಗೆ ಸ್ಕೂಲಿಗೆ ನಡೆದಳು. ಈಗ ನಲವತ್ತಾರು. ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಚೆಂಡುಹೂವಿನ ಹೊಲಗಳ ನಡುವೆ ಅವಳು ಬರುವುದು ಕಂಡರೆ, ಹೂ ಬಿಡಿಸುತ್ತಿರುವ ಹೆಂಗಸರೆಲ್ಲ ಏನಾದರೊಂದು ಕೇಳುವುದಕ್ಕೆ ಬದುವಿಗೆ ಬರುತ್ತಾರೆ.

ಅವಳ ಚೀಲದಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕಿದೆ. ಅದನ್ನು ಮುಂದಿನಿಂದ ತೆರೆದರೆ ಮೊದಲ ಹಾಳೆಯಲ್ಲಿ 'ಕೇಳಿದ್ದು' ಅಂತಿದೆ. ತಿರುಗಿಸಿ ಹಿಂದಿನಿಂದ ತೆರೆದರೆ 'ಕಂಡದ್ದು' ಅಂತಿದೆ. ಜನ ಹೇಳಿದ್ದು, ಫೋನಿಗೆ ಬಂದದ್ದು, ನನ್ನಂಥವರು ಉಸುರಿದ್ದು ಎಲ್ಲ ಮುಂದಿನ ಕಡೆಗೆ ಹೋಗುತ್ತದೆ. ಆದೇಶವನ್ನು ಕಣ್ಣಾರೆ ಓದಿದ ಮೇಲೆ, ಇಲ್ಲವೇ ಅದಕ್ಕೆ ಸಂಬಂಧಪಟ್ಟ ಅಧಿಕಾರಿಯನ್ನೇ ಕೇಳಿಕೊಂಡು ಬಂದ ಮೇಲೆ, ಅದು ಹಿಂದಿನ ಕಡೆಗೆ ದಾಟುತ್ತದೆ. ಜನರಿಗೆ ಅವಳು ಹೇಳುವುದು ಹಿಂದಿನ ಕಡೆಯದನ್ನು ಮಾತ್ರ. ಮುಂದಿನ ಕಡೆಯ ಹಾಳೆಗಳು ಯಾವಾಗಲೂ ಬೇಗ ಮುಗಿಯುತ್ತವೆ.

ಈ ಅಭ್ಯಾಸ ಹುಟ್ಟಿದ್ದು ಬೀರಯ್ಯನಿಂದ. ಬೀರಯ್ಯ ಕಲ್ಲು ಕ್ವಾರಿಯಲ್ಲಿ ಕಾಲು ಕಳೆದುಕೊಂಡಿದ್ದ ಮುದುಕ. ಅಂಗವಿಕಲರ ಹಳೇ ಕಾರ್ಡುಗಳೆಲ್ಲ ರದ್ದಾಗುತ್ತವೆ, ಮನೆಗೆ ಬರುವವರಿಗೆ ವಾಪಸ್ ಕೊಡಿ ಅಂತ ಒಮ್ಮೆ ಎಲ್ಲರ ಫೋನಿಗೂ ಸುದ್ದಿ ಬಂತು. ಗುರುಮಲ್ಲಕ್ಕ ಅದನ್ನು ನಂಬಿ ಅವನಿಗೆ ಹೇಳಿದಳು. ಯಾರೋ ಬಂದರು, ಕಾರ್ಡು ಇಸಕೊಂಡು ಹೋದರು. ಅವನ ಪಿಂಚಣಿ ನಿಂತುಹೋಯಿತು. ಅದು ಮತ್ತೆ ಶುರುವಾಗುವುದರೊಳಗೆ ಬೀರಯ್ಯನೇ ಇರಲಿಲ್ಲ. ಸತ್ತದ್ದು ಕಾಯಿಲೆಯಿಂದ, ಎಲ್ಲರೂ ಅವಳಿಗೆ ಅದನ್ನೇ ಹೇಳಿದರು. ಅವಳಿಗೆ ಸಮಾಧಾನವಾಗಲಿಲ್ಲ. ಅಂದಿನಿಂದ ಬಾಯಿ ತೆರೆಯುವ ಮೊದಲು ಅವಳಿಗೆ ಹೆದರಿಕೆ. ನಾನು ಆ ಹೆದರಿಕೆಯನ್ನು ಆಡಿಕೊಂಡು ನಕ್ಕವನು.

ಕಳೆದ ದಸರಾ ಮುಗಿದ ವಾರ ಅವಳು ಒಬ್ಬ ತಾಯಿ ಮಗುವನ್ನು ಕರೆದುಕೊಂಡು ಬಂದಳು. ತಾಯಿ ಕುಮಾರಿ, ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಗಂಡ ಶಿವರಾಮು ವಯನಾಡಿನ ಶುಂಠಿ ತೋಟದಲ್ಲಿ ಕೂಲಿಗಿದ್ದಾನೆ. ಮಗಳು ಪ್ರಿಯಾಂಕ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಅದಕ್ಕೇ ಮಾತೂ ಇಲ್ಲ. ಕಣ್ಣು ಮಾತ್ರ ಭಾರೀ ಚುರುಕು. ಬಂದ ಐದು ನಿಮಿಷಕ್ಕೆ ಸ್ಟೇಪ್ಲರ್ ಒತ್ತುವುದು ಕಲಿತು ನನ್ನ ಬಿಳಿ ಹಾಳೆಗಳನ್ನೆಲ್ಲ ಪಿನ್ನು ಹೊಡೆದು ಕಟ್ಟಿಬಿಟ್ಟಿತ್ತು.

"ಕಿವಿ ಒಳಗೆ ಮಿಷಿನ್ ಕೂರ್ಸೋ ಆಪರೇಷನ್ ಸರ್ಕಾರದಿಂದ ಮಾಡುಸ್ತಾರೆ ಕಣಪ್ಪ. ಕೂಸ್ಗ ಆರು ವರ್ಷ ತುಂಬೋದ್ರೊಳಗೆ ಎಸ್ರು ಬರುಸ್ಬೇಕಂತೆ. ಇದು ಇಂದಿನ ಕಡೆದೇ, ಚಾಮರಾಜನಗರಕ್ಕೋಗಿ ಕೇಳ್ಕಂಡು ಬಂದಿವ್ನಿ," ಎಂದಳು ಗುರುಮಲ್ಲಕ್ಕ, ನೋಟ್‌ಬುಕ್ಕಿನ ಹಿಂದಿನ ಕಡೆ ತೋರಿಸಿ.

ನಾನು ಮಗುವಿನ ಆಧಾರ್ ಕಾರ್ಡು ತೆಗೆದುಕೊಂಡು ನೋಡಿದೆ. ಹುಟ್ಟಿದ ದಿನ, ಎರಡು ಸಾವಿರದ ಹತ್ತೊಂಬತ್ತು ಜನವರಿ ಒಂದು. ಬೆರಳಲ್ಲಿ ಎಣಿಸಬೇಕಾದ್ದೂ ಇರಲಿಲ್ಲ.

"ಇದಕ್ಕೆ ಆರು ತುಂಬಿ ಒಂಬತ್ತು ತಿಂಗಳಾಯ್ತಲ್ಲಕ್ಕ. ಕಂಪ್ಯೂಟರ್ ತಗೊಳಲ್ಲ, ಬುಡು."

ಕುಮಾರಿ ಗಾಬರಿಬಿದ್ದು, "ಇಲ್ಲ ಸಾ, ಕೂಸ್ಗ ಇನ್ನೂ ಐದೇ," ಎಂದಳು. ಹಾಗಾದರೆ ಜನನ ಪತ್ರ ತೋರಿಸು ಅಂದೆ. ಅವಳು ತಲೆ ತಗ್ಗಿಸಿದಳು. ಮನೆಯಲ್ಲೇ ಹೆರಿಗೆಯಾಯಿತು, ಯಾವ ಪತ್ರವೂ ಇಲ್ಲ ಎಂದಳು. ನನಗೆ ರೇಗಿತು. ಜನವರಿ ಒಂದು ಅಂತ ಯಾವ ಕತ್ತೆ ಟೈಪ್ ಮಾಡಿದ್ದೋ, ಇವರು ಯಾಕೆ ನೋಡದೆ ಸುಮ್ಮನಿದ್ದರೋ ಅಂತ ಬಾಯಿಗೆ ಬಂದದ್ದು ಅಂದೆ.

ಅಷ್ಟರಲ್ಲಿ ಮಗುವಿನ ಕೈಲಿದ್ದ ಹಾಳೆ ಗಾಳಿಗೆ ಹಾರಿ ರಸ್ತೆಗೆ ಬಿತ್ತು. ಮಗು ಅದರ ಹಿಂದೆ ಇಳಿಯಿತು. ತರಕಾರಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು, ಎದುರಿನ ಟೀ ಅಂಗಡಿಯವರೆಲ್ಲ ತಿರುಗಿ ನೋಡಿದರು. ತಿರುಗದೆ ಇದ್ದದ್ದು ಆ ಮಗು ಒಂದೇ. ಬಗ್ಗಿ ಹಾಳೆ ಎತ್ತಿಕೊಳ್ಳುತ್ತಿತ್ತು. ಗುರುಮಲ್ಲಕ್ಕ ಎದ್ದಳು, ಕಾಲು ಬರಲಿಲ್ಲ. ಕುಮಾರಿ ಕೂಗಿದಳು, ಆ ಕೂಗು ಯಾರಿಗೆ ಕೇಳಬೇಕು? ನಾನು ಕೌಂಟರ್ ಹಾರಿ ಹೋಗಿ ಲಂಗದ ಪಟ್ಟಿ ಹಿಡಿದು ಎಳೆದೆ. ಲಾರಿ ನಮ್ಮ ಮೇಲೆ ಧೂಳೆಬ್ಬಿಸಿ ಹೋಯಿತು. ಮಗು ನನಗೆ ಹಾಳೆ ತೋರಿಸಿ ನಕ್ಕಿತು.

ಆ ಮೇಲೆ ಕುಮಾರಿ ಅಳುತ್ತಾ ನಿಜ ಹೇಳಿದಳು. ಹೇಳಿದ್ದು ನನಗಲ್ಲ, ಗುರುಮಲ್ಲಕ್ಕನ ಕಿವಿಯಲ್ಲಿ. ಅಂಗಡಿ ಚಿಕ್ಕದು, ನನಗೂ ಕೇಳಿಸಿತು. ಅವಳು ಬಸುರಿಯಾಗಿದ್ದಾಗ ಗಂಡನ ಜೊತೆ ವಯನಾಡಿನಲ್ಲೇ ಇದ್ದಳಂತೆ. ಶುಂಠಿಗೆ ಹೊಡೆಯುವ ಔಷಧಿಯನ್ನು ಡ್ರಮ್ಮಿನಲ್ಲಿ ಕಲಸಿಕೊಡುವುದು ಅವಳ ಕೆಲಸ. ಕೈಗೆ ಗ್ಲೌಸಿಲ್ಲ, ಮೂಗಿಗೆ ಸೆರಗು. ಏಳು ತಿಂಗಳವರೆಗೂ ಕಲಸಿದ್ದಳು.

"ನಾನೇ ನನ್ನ ಕೂಸಿನ ಕಿವಿ ತಗುದ್ಬುಟ್ಟೆ ಅಕ್ಕ," ಎಂದಳು.

ಅದು ಸಾಲದು ಅಂತ ಅವಳ ಫೋನಿಗೆ ಒಂದು ಮಾತಿನ ಸಂದೇಶ ಬಂದಿತ್ತು. ಯಾವನೋ ಗಂಭೀರ ದನಿಯವನು, ಬಸುರಿನಲ್ಲಿ ವಿಷ ಮುಟ್ಟಿದ ತಾಯಿಯ ಮಗುವಿಗೆ ಸರ್ಕಾರದ ಆಪರೇಷನ್ ಇಲ್ಲ, ಗೊತ್ತಾದರೆ ತಾಯಿ ಮೇಲೆ ಕೇಸು ಹಾಕುತ್ತಾರೆ ಅಂತ ಹೇಳುತ್ತಿದ್ದ. ನಾನೂ ಕೇಳಿದೆ. ಎಷ್ಟು ಚೆನ್ನಾಗಿ ಮಾತಾಡುತ್ತಾನೆಂದರೆ, ಸುಳ್ಳು ಅನ್ನುವುದಕ್ಕೆ ನನಗೂ ಧೈರ್ಯವಾಗಲಿಲ್ಲ. ಗುರುಮಲ್ಲಕ್ಕ ಸುಳ್ಳು ಅನ್ನಲಿಲ್ಲ, ನಿಜ ಅನ್ನಲೂ ಇಲ್ಲ. ನೋಟ್‌ಬುಕ್ಕಿನ ಮುಂದಿನ ಕಡೆ ತೆರೆದು ಬರೆದುಕೊಂಡಳು.

"ಸುಳ್ಳು ಅಂತ ಏಳ್ಬುಡು ಅಕ್ಕ, ಆ ಉಡುಗಿ ಸ್ವಲ್ಪ ಉಸ್ರಾದ್ರೂ ಬುಡ್ಲಿ," ಎಂದೆ ನಾನು.

"ನಿಜ ಆಗಿದ್ರೆ?" ಎಂದಳು. ಬೀರಯ್ಯ ಅವಳ ಕಣ್ಣ ಮುಂದೆ ಬಂದು ನಿಂತಿದ್ದ ಅಂತ ಈಗ ಅನ್ನಿಸುತ್ತದೆ.

ಮಾರನೇ ದಿನ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋದಳು. ಕಿವಿ ಡಾಕ್ಟರು ಆಪರೇಷನ್ನಿನಲ್ಲಿದ್ದಾರೆ ಅಂದರು, ಕಾದಳು. ಊಟಕ್ಕೆ ಹೋಗಿದ್ದಾರೆ ಅಂದರು, ಕಾದಳು. ನಾಲ್ಕು ಗಂಟೆಗೆ ಡಾಕ್ಟರು ಸಿಕ್ಕಿದರು. ಸಂಜೆ ಅಂಗವಿಕಲರ ಇಲಾಖೆಯ ಕಚೇರಿಗೂ ಹೋಗಿ ಆದೇಶದ ಪ್ರತಿ ಓದಿ ಬಂದಳು. ಮರುದಿನ ನನ್ನ ಅಂಗಡಿಯಲ್ಲೇ ಕುಮಾರಿಯನ್ನು ಕೂರಿಸಿಕೊಂಡು ನೋಟ್‌ಬುಕ್ಕಿನ ಹಿಂದಿನ ಕಡೆ ತೆರೆದಳು.

"ನೋಡಮ್ಮಿ, ಯಾವ ಕಾರಣಕ್ಕ ಕಿವಿ ಕೇಳಲ್ಲ ಅಂತ ಅರ್ಜಿಲಿ ಯಾರೂ ಕೇಳಂಗಿಲ್ಲ. ಕೇಸ್ ಗೀಸ್ ಎಲ್ಲೂ ಇಲ್ಲ. ಕೂಸಿಗಿರೋ ಅಕ್ಕು ಅದು, ಯಾರೋ ಕರುಣೆಗ ಕೊಡದಲ್ಲ. ಇದ್ನ ನಾನು ಓದಿವ್ನಿ."

ಕುಮಾರಿ ನಿಧಾನವಾಗಿ ಕೇಳಿದಳು. "ಮತ್ತೆ ಔಸ್ದಿ?"

ಗುರುಮಲ್ಲಕ್ಕ ತಾನು ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡಳು. ಅಲ್ಲ ಅಂದುಬಿಡು, ಒಂದೇ ಮಾತು ಅಂದುಬಿಡು ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಅದ್ರಿಂದಲೇ ಅಂತ ಏಳಕ್ಕೂ ಆಗಲ್ಲ, ಅಲ್ಲ ಅಂತ ಏಳಕ್ಕೂ ಆಗಲ್ಲ ಅಂದ್ರು ಡಾಕ್ಟ್ರು. ಎಷ್ಟೋ ಕೂಸ್ಗಳಿಗ ಕಾರಣ ಸಿಕ್ಕದೇ ಇಲ್ವಂತೆ. ಆದ್ರ ಇನ್ಮೇಲೆ ಆ ಔಸ್ದಿ ಬರಿಗೈಲಿ ಮುಟ್ಬೇಡ, ಶಿವರಾಮುಗೂ ಏಳು. ಇದು ಇಂದಿನ ಕಡೆದೇ ಕಣಮ್ಮಿ."

ಕುಮಾರಿ ಬಹಳ ಹೊತ್ತು ಅತ್ತಳು. ಸುಳ್ಳು ಸಮಾಧಾನ ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಅರ್ಧಕ್ಕೆ 'ಗೊತ್ತಿಲ್ಲ' ಅಂದದ್ದಕ್ಕೇ ಮಿಕ್ಕರ್ಧವನ್ನು ನಂಬಿದಳು ಅಂತ ಕಾಣುತ್ತದೆ. ಆ ಮಧ್ಯಾಹ್ನವೇ ಊರಿಗೆ ಹೋಗಿ, ವಯನಾಡಿನಲ್ಲಿದ್ದದ್ದು ಗೊತ್ತಾಗಬಾರದು ಅಂತ ರಾಗಿ ತುಂಬಿದ ಡ್ರಮ್ಮಿನ ತಳದಲ್ಲಿ ಪ್ಲಾಸ್ಟಿಕ್ ಸುತ್ತಿ ಬಚ್ಚಿಟ್ಟಿದ್ದ ಕಾಗದ ತೆಗೆದುಕೊಂಡು, ಅತ್ತೆ ಪುಟ್ಟಬಸಮ್ಮನನ್ನೂ ಕರೆದುಕೊಂಡು ವಾಪಸ್ ಬಂದಳು. ವಯನಾಡಿನ ಆಸ್ಪತ್ರೆಯ ಹೆರಿಗೆ, ಅಲ್ಲಿಯ ಜನನ ಪತ್ರ. ಮಲಯಾಳದ ಕೆಳಗೆ ಇಂಗ್ಲಿಷಿನಲ್ಲೂ ಅಚ್ಚಾಗಿತ್ತು. ಎರಡು ಸಾವಿರದ ಹತ್ತೊಂಬತ್ತು, ನವೆಂಬರ್ ಹನ್ನೊಂದು.

ಆರು ತುಂಬುವುದಕ್ಕೆ ಸರಿಯಾಗಿ ಮೂವತ್ತೆರಡು ದಿನ ಉಳಿದಿತ್ತು. ಅಷ್ಟರೊಳಗೆ ಆಧಾರಿನಲ್ಲಿ ತಾರೀಕು ಬದಲಾಗಬೇಕು, ಆಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ಹೆಸರು ಹತ್ತಬೇಕು.

ಆಗ ಪುಟ್ಟಬಸಮ್ಮ ಗೊಣಗಿದಳು. "ನಾನು ಆವತ್ತೇ ಸರ್ಯಾಗಿ ಏಳಿದ್ದೆ ಕಣಪ್ಪ. ಇವ್ಳು ತೋಟದಲ್ಲಿದ್ಲು, ಸ್ಕೂಲ್ತವು ಆಧಾರ್ ಮಾಡಕ್ಕೆ ಬಂದಿದ್ರಲ್ಲ, ಕೂಸ್ನ ಎತ್ಕಂಡು ನಾನೇ ಓಗಿದ್ದೆ. ದೀಪಾವಳಿ ಅಮಾಸೆ ಕಳ್ದು ಅದ್ನಾಕನೇ ದಿನ ಉಟ್ಟಿದ್ದು ಅಂತ ಏಳ್ದೆ. ಆ ಉಡ್ಗ ಕೇಳ್ನೇ ಇಲ್ಲ. ವರ್ಷ ಏಳಜ್ಜಿ ಸಾಕು ಅಂದ."

ನಾನು ಕಂಪ್ಯೂಟರ್ ಕಡೆ ಮುಖ ತಿರುಗಿಸಿಕೊಂಡೆ.

ಅಂಗಡಿ ಇಡುವ ಮೊದಲು ಎರಡು ವರ್ಷ ನಾನು ಗುತ್ತಿಗೆ ಮೇಲೆ ಆಧಾರ್ ಶಿಬಿರಗಳಲ್ಲಿ ಟೈಪ್ ಮಾಡುತ್ತಿದ್ದೆ. ಕೊರೋನಾದ ಎರಡನೇ ಅಲೆ ಇಳಿದ ಮೇಲೆ ಭೀಮನಬೀಡಿನ ಸ್ಕೂಲಿನಲ್ಲಿ ಕೂತವನು ನಾನೊಬ್ಬನೇ. ಮುಖಕ್ಕೆ ಮಾಸ್ಕಿತ್ತು, ಅದಕ್ಕೇ ಅಜ್ಜಿಗೆ ಗುರುತು ಸಿಕ್ಕಲಿಲ್ಲ. ತಾರೀಕು ಗೊತ್ತಿಲ್ಲದವರಿಗೆಲ್ಲ ಜನವರಿ ಒಂದು ಹಾಕುವುದು ನಮ್ಮಲ್ಲಿ ರೂಢಿ. ದಿನಕ್ಕೆ ಇಷ್ಟು ಜನ ಮುಗಿಸಬೇಕು ಅಂತಿತ್ತು, ಅಮಾವಾಸ್ಯೆ ಹುಣ್ಣಿಮೆ ಎಣಿಸುತ್ತ ಕೂರುವುದಕ್ಕೆ ಪುರುಸೊತ್ತೆಲ್ಲಿ? ಫೋನಿನಲ್ಲಿ ಆ ವರ್ಷದ ಕ್ಯಾಲೆಂಡರ್ ತೆಗೆದು ನೋಡಿದೆ. ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ ಇಪ್ಪತ್ತೆಂಟು. ಹದಿನಾಲ್ಕು ದಿನ ಕೂಡಿಸಿದರೆ ನವೆಂಬರ್ ಹನ್ನೊಂದು. ಅಜ್ಜಿ ಒಂದು ದಿನವೂ ತಪ್ಪಿರಲಿಲ್ಲ. ಆ ಕತ್ತೆ ನಾನೇ.

ಆವತ್ತು ಬಾಯಿ ಬಿಡಲಿಲ್ಲ. ಹೆದರಿಕೆ, ನಾಚಿಕೆ, ಎರಡೂ. ಅಂಗಡಿ ಬಾಗಿಲೆಳೆದು ಅವರನ್ನು ಆಧಾರ್ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋಗಿ ತಿದ್ದುಪಡಿಗೆ ಹಾಕಿಸಿದೆ. ಅಲ್ಲಿಂದ ಮುಂದಕ್ಕೆ ದಿನಾ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಆ ಅರ್ಜಿ ನಂಬರ್ ಹಾಕಿ ನೋಡುವುದೇ ಕೆಲಸ. ಪರಿಶೀಲನೆಯಲ್ಲಿದೆ. ಮರುದಿನವೂ ಪರಿಶೀಲನೆಯಲ್ಲಿದೆ. ದೀಪಾವಳಿ ಬಂತು, ಹೋಯಿತು, ಊರೆಲ್ಲ ಪಟಾಕಿ ಹೊಡೆಯಿತು. ಅಷ್ಟು ಸದ್ದಿನಲ್ಲೂ ಏನೂ ಕೇಳದೆ ಒಂದು ಮಗು ಅಂಗಳದಲ್ಲಿ ಕೂತಿರುತ್ತದೆ ಅನ್ನುವುದೇ ನೆನಪಾಗುತ್ತಿತ್ತು. ನವೆಂಬರ್ ಶುರುವಾಯಿತು. ಒಂದು ಸಲ ಅರ್ಜಿ ತಿರಸ್ಕಾರವಾದ ಹಾಗೆ ಕನಸು ಬಿದ್ದು ಎದ್ದು, ಕತ್ತಲಲ್ಲೇ ಫೋನಿನಲ್ಲಿ ನಂಬರ್ ಹಾಕಿ ನೋಡಿದೆ.

ಆರನೇ ತಾರೀಕು ತಿದ್ದುಪಡಿ ಆಗಿತ್ತು. ಏಳನೇ ತಾರೀಕು ಗುರುಮಲ್ಲಕ್ಕ ತಾಯಿ ಮಗುವನ್ನು ಕರೆದುಕೊಂಡು ಚಾಮರಾಜನಗರಕ್ಕೆ ಹೋಗಿ ಹೆಸರು ಬರೆಸಿದಳು. ನಾಲ್ಕು ದಿನ ಮಿಕ್ಕಿತ್ತು. ಮೈಸೂರಿನಲ್ಲಿ ಪರೀಕ್ಷೆಗಳಾದವು, ಆಪರೇಷನ್ನಿಗೆ ಇನ್ನೂ ಕರೆ ಬರಬೇಕು. ತಲೆ ಕೊಯ್ಯುತ್ತಾರೆ ಅಂತ ಕುಮಾರಿಗೆ ಈಗ ಆ ಹೆದರಿಕೆ. ಮಗು ಎಷ್ಟು ಮಾತು ಕಲಿಯುತ್ತದೋ ಡಾಕ್ಟರಿಗೂ ಗೊತ್ತಿಲ್ಲವಂತೆ, ತಡವಾಗಿದೆ ಅಂದರಂತೆ. ಎರಡು ವರ್ಷದವಳಿದ್ದಾಗಲೇ ಆಗಿದ್ದರೆ ಚೆನ್ನಾಗಿತ್ತಂತೆ.

ಚಾಮರಾಜನಗರದಿಂದ ಅವರು ಬಂದ ಮರುದಿನ ಗುರುಮಲ್ಲಕ್ಕನಿಗೆ ನಿಜ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ಯಲಿ ಅಂತಲೇ ಕಾದೆ. ಅವಳು ನೋಟ್‌ಬುಕ್ ತೆರೆದು ಪೆನ್ನು ಹಿಡಿದಳು.

"ಅಂಗೆ ಇನ್ನೆಷ್ಟು ಕೂಸ್ಗಳಿಗ ಆಕಿದ್ದಿಯೆ ರವಿ?"

ನನಗೆ ಗೊತ್ತಿಲ್ಲ. ಭೀಮನಬೀಡು, ಹರದನಹಳ್ಳಿ, ಸಂತೆಮರಹಳ್ಳಿ, ಎರಡು ವರ್ಷದಲ್ಲಿ ಎಷ್ಟು ಊರು, ಎಷ್ಟು ಅಜ್ಜಿಯರು. ಅವಳಿಗೆ ಒಬ್ಬ ಬೀರಯ್ಯನಿದ್ದ. ನನ್ನ ಬೀರಯ್ಯಂದಿರು ಎಷ್ಟು ಜನವೋ, ಎಲ್ಲಿದ್ದಾರೋ, ಯಾರ ಗಡುವು ಯಾವತ್ತು ಮುಗಿಯುತ್ತದೋ.

ಈಗ ಮಕ್ಕಳ ಕಾರ್ಡು ಯಾವುದೇ ಬರಲಿ, ಜೆರಾಕ್ಸ್ ಹಾಕುವ ಮೊದಲು ತಾರೀಕು ನೋಡುತ್ತೇನೆ. ನಿನ್ನೆ ಹರದನಹಳ್ಳಿ ಕಡೆಯವನೊಬ್ಬ, ಇಲ್ಲಿ ನೆಂಟರ ಮನೆಗೆ ಬಂದವನು, ಮಗನ ಕಾರ್ಡು ಕೊಟ್ಟು ಎರಡು ಪ್ರತಿ ಕೇಳಿದ. ಜನವರಿ ಒಂದು. ಕೈ ಅಲ್ಲೇ ನಿಂತಿತು.

"ಈ ಮಗು ಹುಟ್ಟಿದ್ದು ಯಾವತ್ತು?" ಎಂದೆ.

"ಅದ್ರಲ್ಲೇ ಬರ್ದದಲ್ಲ ಸಾ."

"ಅದರಲ್ಲಿರೋದು ಬುಡಪ್ಪ. ಮನೇಲಿ ಅಜ್ಜಿ ಇದ್ರೆ ಫೋನ್ ಮಾಡಿ ಕೇಳು."

ಹಿಂದೆ ನಿಂತಿದ್ದವರು ಗೊಣಗತೊಡಗಿದರು. ಅವನು ನನ್ನನ್ನು ವಿಚಿತ್ರವಾಗಿ ನೋಡಿ ನಂಬರ್ ಒತ್ತಿದ. ಆ ಕಡೆ ಅಜ್ಜಿ ಬಾಯಿ ತೆರೆಯುವವರೆಗೂ ನಾನು ಕಾರ್ಡನ್ನು ಹಿಡಿದುಕೊಂಡೇ ನಿಂತಿದ್ದೆ.