ಆಫ್ರಿಕಾಕ್ಕ ಹೊಂಟ ಸಂಶಿ ಗುದ್ದಲಿ

ಸಂಶಿಯೊಳಗ ಕಸ್ತೂರೆವ್ವನ ಕಾರ್ಖಾನಿ ಎಲ್ಲೈತಿ ಅಂತ ಯಾರನ್ನೂ ಕೇಳಬ್ಯಾಡ್ರಿ. ಬಸ್ಸಿಳದು ಕಿವಿ ಕೊಡ್ರಿ, ಸುತ್ತಿಗಿ ಸಪ್ಪಳ ಎತ್ತ ಐತೋ ಅತ್ತ ನಡೀರಿ. ಗಂಡ ತೀರಿಕೊಂಡಾಗ, 'ಉಕ್ಕಿನ ಕೆಲಸ ಹೆಣ್ಮಗಳು ಏನ್ ನಡಸ್ತಾಳ' ಅಂತ ಬಾಯಿಗೆ ಬಂದಂಗ ಆಡಿದ ಮಂದಿನ ಇವತ್ತು ಆಕಿ ಮಾಡಿಸಿದ ಗುದ್ದಲಿ ಹೆಗಲಮ್ಯಾಲೆ ಇಟಗೊಂಡು ಹೊಲಕ್ಕ ಹೊಕ್ಕಾರ. ಅಗದಿ ಗಟ್ಟಿ ಹೆಣ್ಮಗಳ್ರಿ ಆಕಿ.

ಹಂತಾಕಿಗೆ ಹೋದ ವರ್ಷ ಆಫ್ರಿಕಾದ ದಾರ್-ಎಸ್-ಸಲಾಮಿಂದ ಬ್ಯಾಪಾರ ಬಂತು. ಅಲ್ಲಿ ಸಾವಕಾರ ಮೂಲದಾಗ ಗುಜರಾತಿನಂವ. ಮಾದರಿ ಗುದ್ದಲಿ ನೋಡಿ ಒಪ್ಪಿದ, ಒಂದು ಕಂಟೇನರ್ ತುಂಬ ಕಳಸ್ರಿ ಅಂದ. ಆದ್ರ ಮಾಲಿಗೆ ತುಕ್ಕು ಕಂಡ್ರ, ಇಲ್ಲಾ ಹಡಗ ತಪ್ಪಿದ್ರ, ಚೀನಾದವರ ಕಡೆ ಹೊಕ್ಕೇನಿ ಅಂತ ಮೊದಲ ಹೇಳಿಬಿಟ್ಟಿದ್ದ.

ಮಾಲು ಕಟ್ಟೂ ಜವಾಬ್ದಾರಿ ಕರಿಸಿದ್ದಪ್ಪಂದು. ಗಂಡನ ಕಾಲದಿಂದ ಇದ್ದ ಹಿರೇ ಆಳು. ಒಂದೊಂದ ಗುದ್ದಲಿನೂ ಒಣ ಅರಿವಿಲೆ ಒರಸಿ, ಎಣ್ಣಿ ಹಚ್ಚಿ, ಕಾಗದದಾಗ ಸುತ್ತಿ ಪೆಟ್ಟಿಗಿಗೆ ಹೊಂದಿಸಿದ್ದ. ಮಗುನ್ನ ಮಲಗಿಸಿದಂಗ ಮಲಗಿಸಿದ್ದ ಅನ್ರಿ.

ಲಾರಿ ಬಂದ ಮುಂಜಾನಿ ಕಸ್ತೂರೆವ್ವ ಪೆಟ್ಟಿಗಿ ಮ್ಯಾಲೆ ಕೈಯಾಡಿಸಿದ್ಲು. ಕಟ್ಟಿಗಿ ಹಸಿ ಹಸಿ ಹತ್ತಿತು.

"ಸಿದ್ದಣ್ಣ, ಇದೇನೋ?"

"ನಿನ್ನಿ ಅಮಾಸಿ ಅಲ್ರಿ ಅಕ್ಕಾರ? ಸಮುದ್ರ ದಾಟೂ ಮಾಲು, ಪೂಜಿ ಇಲ್ಲದ ಹೆಂಗ ಕಳಸೂದು? ಪೆಟ್ಟಿಗಿಗೊಂದು ಕಾಯಿ ಒಡದು ಎಲ್ಲಾದರ ಒಳಗೂ ಕಾಯಿನೀರು ಚಿಮಕಿಸೇನ್ರಿ. ಒಂದೂ ಬಿಟ್ಟಿಲ್ಲ!"

ಮಾರಿ ತುಂಬ ನಗಿ ಅವಂದು. ಕಸ್ತೂರೆವ್ವ ಒಂದು ಪೆಟ್ಟಿಗಿ ತಗಿಸಿದ್ಲು. ಒಂದು ಗುದ್ದಲಿ ಬಿಚ್ಚಿ ನೋಡಿದ್ರ ಕಾಗದ ತೋದು ಉಕ್ಕಿಗೆ ಅಂಟಿತ್ತು, ಅಂಚಿನ ಕಡೆ ಆಗಲೇ ಕೆಂಪು ತಿರಗಿತ್ತು. ಇನ್ನ ಹಡಗಿನ ಸೆಕಿಯೊಳಗ ಮುಚ್ಚಿಟ್ರ ಗತಿ ಏನು? ಕರಿಸಿದ್ದಪ್ಪನೂ ಅದನ್ನ ನೋಡಿದ. ನಗಿ ಅಲ್ಲೇ ಆರಿಹೋತು.

ಮಗ ಹೇಮಂತ ಗಡಿಬಿಡಿ ಮಾಡಿದ. "ಯವ್ವಾ, ಮ್ಯಾಲಿನ ಸಾಲಷ್ಟ ತೋದಾವ. ಲಾರಿ ಬಿಡೂಣು. ಹಡಗ ತಪ್ಪಿದ್ರ ಬ್ಯಾಪಾರನ ಹೋಗತೈತಿ."

"ಅಲ್ಲಿ ಯಾವಾಕಿ ಕೈಗೆ ಈ ಗುದ್ದಲಿ ಹೋಗತೈತೋ, ಆಕಿ ಏನ್ ಪಾಪ ಮಾಡ್ಯಾಳ? ಲಾರಿ ನಿಲ್ಲಸು. ಸಾವಕಾರಗ ಫೋನ್ ಹಚ್ಚು."

ಹೇಮಂತ ತಾನ ಮಾತಾಡ್ತೀನಿ ಅಂದ, ಆಕಿ ಕೊಡಲಿಲ್ಲ. ತನ್ನ ಹುಬ್ಬಳ್ಳಿ ಹಿಂದಿಯೊಳಗ ಮುಚ್ಚುಮರಿ ಇಲ್ಲದ ಹೇಳಿದ್ಲು: ಮಾಲು ತೋದೈತಿ, ಎಲ್ಲಾ ಬಿಚ್ಚಿ ಒರಸಬೇಕು, ಈ ಹಡಗ ತಪ್ಪತೈತಿ.

"ತೋಯಿಸಿದವರು ಯಾರು?" ಆ ಕಡೆ ದನಿ ಬಿರುಸಾತು.

ಕರಿಸಿದ್ದಪ್ಪ ಗ್ವಾಡಿ ಹಿಡದು ನಿಂತಿದ್ದ. ಹಿಂದಿ ಅವಗೂ ತಿಳೀತಿತ್ತು.

"ನಾನ ರೀ," ಅಂದ್ಲು ಕಸ್ತೂರೆವ್ವ. "ಪೂಜಿ ಮಾಡೂ ಹುರುಪಿನ್ಯಾಗ ಕಾಯಿನೀರು ಚಿಮಕಿಸಿದೆ. ನೀವು ಚೀನಾದವರ ಕಡೆ ಹೋದ್ರೂ ನಾ ತಪ್ಪು ತಿಳಿಯಂಗಿಲ್ಲ. ಆದ್ರ ತುಕ್ಕಿನ ಮಾಲು ಕಳಸಂಗಿಲ್ಲ."

ಸಾವಕಾರ ಅಂದ: "ಎಲ್ಲಾರೂ ಮಾಲು ಮುಟ್ಟಿದ ಮ್ಯಾಲೆ ನೆಪ ಹೇಳ್ತಾರ. ನೀವು ಕಳಸೂಕಿಂತ ಮೊದಲ ಹೇಳಿದ್ರಿ. ಮುಂದಿನ ಹಡಗಿಗೆ ಹಾಕ್ರಿ, ಕಾಯ್ತೀನಿ."

ಫೋನ್ ಇಟ್ಟ ಮ್ಯಾಲೆ ಕರಿಸಿದ್ದಪ್ಪ ಟಾವೆಲ್ಲಿಲೆ ಕಣ್ಣೊರಸಿಕೊಂಡ. "ನನ್ನ ಹೆಸರ ಹೇಳಬೇಕಾಗಿತ್ರಿ ಅಕ್ಕಾರ."

"ಯಾಕ, ನನ್ನ ಮಾಲಿಗೆ ಒಳ್ಳೇದಾಗಲಿ ಅಂತ ಬೇಡಕೊಂಡಾವನ ಹೆಸರ ನಾ ಮಂದಿ ಮುಂದ ಕೆಡಸ್ಲೇನು?" ಅಂತ ಆಕಿ ಸೆರಗ ಸಿಗಿಸಿ ಪೆಟ್ಟಿಗಿ ಮುಂದ ಕುಂತ್ಲು. "ಆ ಕಡೆ ಹಿಡಿಯೋ ಅಣ್ಣಾ, ಬಿಚ್ಚೂಣು."