ಎಮ್ಮೆಯ ಕಿವಿಗೆ ಬಾಯಿಟ್ಟ ಡಾಕ್ಟರು

ಹಾಲಿಳಿಸದ ಎಮ್ಮೆಗೆ ಸೂಜಿ ಚುಚ್ಚಿ ಎಂದರೆ ಕುಲಗೋಡದ ದನದ ಡಾಕ್ಟರು ಕೇದಾರಿಯವರು ಪಾಠ ಶುರುಮಾಡುತ್ತಾರೆ. "ಕರಾ ಒದರಿದ್ರ ತಾಯಿ ತಲಿಯಿಂದ ಹಾರ್ಮೋನ್ ಹೊಂಡತೈತ್ರಿ. ಕೆಚ್ಚಲದಾಗಿನ ಜೀವಕೋಶದ ಒಳಗ ಹೋಗಂಗಿಲ್ಲ, ಹೊರಗ ನಿಂತು ಬಾಗಲಾ ಬಡೀತೈತಿ. ಒಳಗ ಮಲಗಿದ್ದ ಕ್ಯಾಲ್ಸಿಯಂ ಗಡಬಡಿಸಿ ಏಳತೈತಿ, ಕೋಶ ಬಿಗೀತೈತಿ, ಹಾಲ ಇಳೀತೈತಿ!" ಆಮೇಲೆ ಟೋಪಿ ತೆಗೆದಿಟ್ಟು, ಎಮ್ಮೆಯ ಕಿವಿಗೆ ಬಾಯಿಟ್ಟು, ತಾವೇ ಕರುವಿನಂತೆ ಒದರುತ್ತಾರೆ. ಕರು ಸತ್ತ ಮೇಲೆ ಮುನಿದು ನಿಂತಿದ್ದ ರಹಿಮಾಬಿಯ ಎಮ್ಮೆ ಮೊನ್ನೆ ಅವರ ಬೋಳುತಲೆ ನೆಕ್ಕುತ್ತಲೇ ಹಾಲಿಳಿಸಿತು. ನೋಡಲು ನೆರೆದ ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. "ಕ್ಯಾಲ್ಸಿಯಂ ನೋಡ್ರಿ..." ಎಂದು ಬೀಗುತ್ತಿದ್ದ ಡಾಕ್ಟರ ಕಣ್ಣು ಬಾಗಿಲ ಕಡೆ ಹೋಯಿತು. ಹೋದ ವಾರ ಹಸುಗೂಸನ್ನು ಕಳೆದುಕೊಂಡಿದ್ದ ರಹಿಮಾಬಿಯ ಮಗಳು ಫರೀನ, ಹಾಲಿಳಿದು ಒದ್ದೆಯಾದ ಎದೆಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಡಾಕ್ಟರು ಪಾಠ ಅಲ್ಲಿಗೇ ನುಂಗಿದರು. "ಸಾಕ್ ನಡ್ರಿ, ಎಲ್ಲಾರೂ ಹೊರಗ ನಡ್ರಿ," ಎಂದು ನಗುವವರನ್ನೆಲ್ಲ ಅಂಗಳದಿಂದ ಅಟ್ಟಿದರು.