ಹೊರಳಿದ್ದು ಹರಳು

ಒಳಗೆ ತಡೆದು ಮೈಮೇಲೆ ಮಾತ್ರ ವಿದ್ಯುತ್ತು ಹರಿಸುವ ಟೊಪಾಲಜಿಕಲ್ ಪದಾರ್ಥಗಳ ಕಾಂತಗುಣವನ್ನು ಅಭ್ಯಸಿಸುವ ನಮ್ಮ ಸಣ್ಣ ಬಳಗದಲ್ಲಿ ‘ಮೇಡಂ’ ಎಂದರೆ ಒಬ್ಬರೇ. ಇಂಥ ಕೆಲವು ಹರಳುಗಳಲ್ಲಿ ಒಂದು ಪದರದ ಪರಮಾಣುಗಳು, ಮಾತು ಬಿಟ್ಟ ವಾರಗಿತ್ತಿಯರಂತೆ, ಪಕ್ಕದ ಪದರಕ್ಕೆ ವಿಮುಖವಾಗಿ ನಿಂತಿರುತ್ತವೆ. ಹೊರಗಿನಿಂದ ಬಲವಾದ ಕಾಂತಕ್ಷೇತ್ರ ಒಡ್ಡಿದರೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಹರಳಿನ ಮೈಮೇಲೆ ವಿದ್ಯುತ್ತು ಹರಿಯುವ ಬಗೆಯೇ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆಯುವುದರಲ್ಲಿ ಜೀವ ತೇದ ಮೇಡಂ ಈಗ ನಿವೃತ್ತರಾಗುತ್ತಿದ್ದಾರೆ.

ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಅವರು ಸೇರಿದಾಗ ಅಲ್ಲಿದ್ದದ್ದು ಒಂದು ಹಳೆಯ ಕಾಂತಯಂತ್ರ ಮತ್ತು ಸೋರುವ ನೀರಿನ ಕೊಳವೆ. ಶಿಷ್ಯೆಯೊಬ್ಬಳ ಮಗುವಿಗೆ ಜ್ವರ ಬಂದಾಗ ಅವಳನ್ನು ಮನೆಗೆ ಕಳಿಸಿ, ಅವಳ ಪ್ರಯೋಗಕ್ಕೆ ತಾವೇ ಕಾವಲು ಕೂತವರು ಅವರು. ಆದರೆ ಅಕ್ಕಿಕಾಳಿಗಿಂತ ಚಿಕ್ಕ ಹರಳನ್ನು ಕಾಂತಯಂತ್ರದೊಳಗೆ ಇಳಿಸುವ ತಟ್ಟೆಗೆ ಅಂಟಿಸುವ ಕೆಲಸವನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. “ಸರೀರಪ್ಪ, ನಿಮ್ಮ ಕೈ ಪರೀಕ್ಷೆಗೆ ಕೂತೋರ ಹಾಗೆ ನಡುಗುತ್ತೆ” ಎನ್ನುತ್ತಿದ್ದರು.

ಅದೇ ಶಿಷ್ಯೆಯೊಡನೆ ಅವರು ಪ್ರಕಟಿಸಿದ ಪ್ರಬಂಧವೊಂದು ಬಹಳ ಹೆಸರು ಮಾಡಿತು. ಕ್ಷೇತ್ರವನ್ನು ಏರಿಸಿದಾಗ ಹರಳಿನ ವಿದ್ಯುತ್ ರೋಧ ಥಟ್ಟನೆ ಜಿಗಿದಿತ್ತು. ಪೂರ್ತಿ ಇಳಿಸಿದರೂ ಹಿಂದಿನಂತಾಗಲಿಲ್ಲ. ಒಮ್ಮೆ ಹೊರಳಿದ ಪರಮಾಣುಗಳ ಕಾಂತವಿನ್ಯಾಸ ಮರಳುವುದೇ ಇಲ್ಲವೆಂದು ಇಬ್ಬರೂ ಬರೆದರು. ಆ ಪ್ರಬಂಧದ ಬಲದಿಂದಲೇ ಶಿಷ್ಯೆಗೆ ಅಧ್ಯಾಪಕಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು.

ಸಂದರ್ಶನಕ್ಕೆ ವಾರವಿದ್ದಾಗ, ಬೇರೊಂದು ಪ್ರಯೋಗಕ್ಕೆಂದು ಮೇಡಂ ಆ ತಟ್ಟೆಯನ್ನು ಹೊರತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಅಂಟು ಬಿಟ್ಟಿತ್ತು. ಕ್ಷೇತ್ರದ ಎಳೆತಕ್ಕೆ ಇಡೀ ಹರಳೇ ಓರೆಯಾಗಿ ತಿರುಗಿ ಹಾಗೆಯೇ ಕಚ್ಚಿಕೊಂಡಿತ್ತು. ಮರಳದೆ ಉಳಿದದ್ದು ಕಾಂತವಿನ್ಯಾಸವಲ್ಲ, ಹರಳು. ಅವರ ಮುಖ ಕಪ್ಪಿಟ್ಟಿತು. ಶಿಷ್ಯೆಯನ್ನು ಕರೆದು ತೋರಿಸಿದರು.

ಅವಳು ಬಹಳ ಹೊತ್ತು ನೋಡಿದಳು. “ಸಂದರ್ಶನ ಒಂದು ಮುಗೀಲಿ ಮೇಡಂ. ಆಮೇಲೆ ಹೇಳಿದರಾಯ್ತಲ್ಲ.”

“ಹೂಂ, ಆಗಲಿ ಕಣಮ್ಮ” ಎಂದುಬಿಟ್ಟರು ಮೇಡಂ.

 ಆ ವಾರ ವಿಭಾಗದ ಓಣಿಯಲ್ಲಿ ಯಾರಾದರೂ ಪ್ರಬಂಧಕ್ಕಾಗಿ ಅಭಿನಂದಿಸಿದರೆ ಅವರ ಕಿವಿ ಕಾಯುತ್ತಿತ್ತು. ಸಂದರ್ಶನದ ಸಂಜೆ ಶಿಷ್ಯೆ ನೇರ ಅವರ ಕೋಣೆಗೆ ಬಂದಳು.

“ಹೇಳಿಬಿಟ್ಟೆ ಮೇಡಂ. ಮೊದಲನೇ ಪ್ರಶ್ನೆಗೇ. ಹರಳು ತಿರುಗಿತ್ತು, ಫಲಿತಾಂಶ ತಪ್ಪು ಅಂತ.”

“ಏನಂದ್ರು?”

“ಟೀ ಕುಡೀತೀರಾ ಅಂದ್ರು. ಅಷ್ಟೇ.”

ಹುದ್ದೆ ಬೇರೆಯವರ ಪಾಲಾಯಿತು. ತಾವು ಆಡಬೇಕಿದ್ದ ಮಾತನ್ನು ಶಿಷ್ಯೆಯ ಬಾಯಿಗೆ ಬಿಟ್ಟೆವೆಂಬ ನಾಚಿಕೆಯಿಂದ ಮೇಡಂ ಕುಗ್ಗಿಹೋದರು. ಮರುದಿನವೇ ಪ್ರಬಂಧವನ್ನು ಹಿಂತೆಗೆದುಕೊಂಡು, ವಿಭಾಗದ ಸಭೆಯಲ್ಲಿ ಎದ್ದು ನಿಂತು, ಅಂಟಿಸಿದ ಕೈ ತಮ್ಮದು, ತಿಳಿದೂ ಸುಮ್ಮನಿದ್ದ ಬಾಯಿಯೂ ತಮ್ಮದೇ ಎಂದರು. ಸಾಂತ್ವನಕ್ಕೆಂದು ಚಪ್ಪಾಳೆ ತಟ್ಟಿದವರನ್ನು ಕೈಯೆತ್ತಿ ತಡೆದರು. ಶಿಷ್ಯೆಗೆ ಬೇರೆಡೆ ಕೆಲಸ ಸಿಗಲು ಎರಡು ವರ್ಷ ಹಿಡಿಯಿತು.

ಅವರ ನಿವೃತ್ತಿಗೆಂದು ನಾವು ಹೊರತರುತ್ತಿರುವ ಈ ಅಭಿನಂದನಾ ಸಂಪುಟದ ಸುದ್ದಿ ತಲುಪಿದಾಗ, ಆ ವಾರವನ್ನು ಬಿಟ್ಟು ಬರೆಯುವುದಾದರೆ ತಮಗೆ ಯಾವ ಸನ್ಮಾನವೂ ಬೇಡವೆಂದು ಮೇಡಂ ಹಟ ಹಿಡಿದರು. ಇಂದು ಸ್ವತಃ ಪ್ರಾಧ್ಯಾಪಕಿಯಾಗಿರುವ ಶಿಷ್ಯೆ ಅಲ್ಲೇ ಇದ್ದಳು.

“ಇನ್ನೂ ಅದನ್ನೇ ಹಿಡ್ಕೊಂಡಿದ್ದೀರಲ್ಲ. ತಡೀರಿ ಅಂತ ಕೇಳ್ಕೊಂಡಿದ್ದು ನಾನು.”

“ಕೇಳೋ ವಯಸ್ಸು ನಿಂದು, ಕೇಳಿದೆ. ಆಗಲ್ಲ ಅನ್ನೋದು ನನ್ನ ಕೆಲಸ ಆಗಿತ್ತು.”

ಮೇಡಂ ಅವರ ಆಯುಸ್ಸು, ಆರೋಗ್ಯ ಗಟ್ಟಿಯಾಗಿರಲಿ. ನೆಲಮಾಳಿಗೆಗೆ ಬರುವುದನ್ನು ಅವರು ನಿಲ್ಲಿಸದಿರಲಿ. ‘ಆಗಲ್ಲ’ ಎನ್ನುವವರೊಬ್ಬರು ನಮಗೆ ಬೇಕು. ಆ ಮಾತಿನ ಬೆಲೆ ಅವರಷ್ಟು ಬಲ್ಲವರು ನಮ್ಮಲ್ಲಿ ಮತ್ತೊಬ್ಬರಿಲ್ಲ.